ಎರ್ಸೀಲಿಯಾಳ ತೊಟ್ಟು

ಬೀಳ್ತಿಲ್ಲ, ಚಮಚದ ತುದೀಲಿ ಹಾಗೇ ನೇತಾಡ್ತಾ ಇದೆ ಆ ಕಪ್ಪು ತೊಟ್ಟು, ಬಡಿಸೋವಳು ಕೈ ಅಲ್ಲಾಡಿಸ್ತಾಳೆ, ಅಲ್ಲಾಡಿಸ್ಬೇಡ್ವೇ ತಾಯಿ, ಅಲ್ಲಾಡಿಸಿದ್ರೆ ಬೀಳೋ ವಿನೆಗರ್ ಅಲ್ಲ ಅದು, ವರ್ಷಗಟ್ಟಲೆ ಮಾಗಿ ಗಟ್ಟಿಯಾದದ್ದು, ತನ್ನ ತೂಕ ತುಂಬಿದಾಗ ತಾನೇ ಬೀಳುತ್ತೆ — ಬಿತ್ತು, ಚೀಸಿನ ಮೇಲೆ ಬಿದ್ದು ಹರೀದೆ ಕೂತ್ಕೊಂಡ್ತು, ಮಣಿ ಥರ, ಇದು ನಮ್ಮ ಯಜಮಾನಿ ಮರೀಸಾ ಅವರ ಪೀಪಾಯಿದು ಮೇಡಂ, ಅವರು ಹುಟ್ಟಿದ ದಿನ ಅವರಜ್ಜಿ ದ್ರಾಕ್ಷಿ ರಸ ಕುದಿಸಿ ಅಟ್ಟದ ಮೇಲೆ ಶುರು ಮಾಡಿಸಿದ್ದು, ನಮ್ಮ ಕಡೆ ಹೆಣ್ಣು ಹುಟ್ಟಿದ್ರೆ ಹಾಗೊಂದು ಪದ್ಧತಿ — ನನಗೆ ಹೇಳ್ತಾಳೆ ಪದ್ಧತಿ! ಹೌದಾ, ಚೆನ್ನಾಗಿದೆ ಅಂದೆ, ನಕ್ಕೆ ಕೂಡ, ಬಾಯಿಗೆ ಇಟ್ಕೊಂಡೆ, ಅಯ್ಯೋ, ನಾಲಿಗೆ ಮೇಲೆ ಚೆರ್ರಿ ಮರ, ಹೊಗೆ, ಡಿಸೆಂಬರಿನ ಅಟ್ಟ, ಅಜ್ಜಿ ದೆಸೊಲೀನಾಳ ಏಪ್ರನ್ನು, ಎಲ್ಲಾ ಒಟ್ಟಿಗೆ ನುಗ್ಗಿ ಬಂತು, ನುಂಗಿದೆ. ಬೊಲೋನ್ಯಾ ಪೇಟೆಯ ಗುಂಡಿ-ದಾರದ ಅಂಗಡಿಯವನ ಮಗಳಂತೆ ಈ ಮರೀಸಾ, ಅವಳಜ್ಜಿ ಕುದಿಸಿದ್ದು ಏನಿದ್ರೂ ಕಾಫಿ, ಅಟ್ಟ ಅಂದ್ರೆ ಹಳೇ ಪೆಟ್ಟಿಗೆ ಒಟ್ಟೋ ಜಾಗ ಅವಳಿಗೆ, ಆದ್ರೆ ನನ್ನ ಹುಟ್ಟನ್ನ ಎತ್ಕೊಂಡು ತನ್ನ ಕೊರಳಿಗೆ ಹಾಕ್ಕೊಂಡಿದಾಳೆ, ಬರೋರಿಗೆಲ್ಲ ತೋರಿಸ್ತಾಳೆ, ಹಾಳಾದವಳು, ನಿನ್ನೆ ಬಾಗಿಲಲ್ಲಿ ಎರಡೂ ಕೆನ್ನೆಗೆ ಕೆನ್ನೆ ತಾಗಿಸಿ ಬನ್ನಿ ಬನ್ನಿ ಇದು ನಿಮ್ಮದೇ ಮನೆ ಅಂದ್ಕೊಳ್ಳಿ ಅಂದಳು ನನಗೆ, ಅಂದ್ಕೊಳ್ಳಿ ಅಂತೆ! ನಾನು ಹುಟ್ಟಿದ ಮನೇನೇ ಅತಿಥಿಗೃಹ ಮಾಡಿದಾರೆ, ಅಣ್ಣನ ಹೆಂಡ್ತಿ ಇವಳು, ಆದ್ರೆ ನನ್ನ ಮುಖ ಯಾವತ್ತೂ ನೋಡಿದವಳಲ್ಲ. ಗುರುತಿನ ಚೀಟಿ ನೋಡಿದ ಹುಡುಗ ಅರೆ ನಮ್ಮ ಯಜಮಾನ್ರ ಮನೆತನದ ಹೆಸರೇ ಅಂದ, ಈ ಕಣಿವೇಲಿ ಮೊಂತೋರ್ಸಿಗಳು ಕಳೆ ಥರ ಬೆಳೀತಾರಪ್ಪ ಅಂದೆ, ನಕ್ಕ, ಬೀಗದಕೈ ಕೊಟ್ಟ. ಇವಾನೊ ಕಾಣಿಸ್ಲಿಲ್ಲ. ನನ್ನ ಅಣ್ಣ, ಯಜಮಾನ, ಅತಿಥಿಗಳ ಮುಂದೆ ಬರಲ್ವಂತೆ, ಸಂಕೋಚದ ಮನುಷ್ಯ ಅಂತೆ, ಸಂಕೋಚ ಅಂತೆ ಅವನಿಗೆ.

ಕೊಟ್ಟಿದ್ದು ಯಾವ ಕೋಣೆ ಅಂತ ಕೇಳಿ, ಹಂದಿಗೂಡು! ಅಪ್ಪ ಚಳಿಗಾಲಕ್ಕೆ ಹಂದಿ ಕೊಬ್ಬಿಸ್ತಿದ್ದ ಜಾಗದಲ್ಲಿ ಬಿಳೀ ಪರದೆ, ಲ್ಯಾವೆಂಡರ್ ದಿಂಬು, ಕಲ್ಲು ತೊಟ್ಟಿ ಇದ್ದಲ್ಲಿ ಸ್ನಾನದ ತೊಟ್ಟಿ, ಕೊಟ್ಟಿಗೆ ಇದ್ದಲ್ಲಿ ಎಣ್ಣೆ ತಿಕ್ಕಿಸ್ಕೊಳ್ಳೋರು ಮಲಗಿದಾರೆ, ಬೆಳಿಗ್ಗೆ ತಿಂಡಿಗೆ ಮೊಟ್ಟೆ ತಂದವನು ಇದನ್ನಿಟ್ಟ ಕೋಳಿ ಹೆಸರು ಜೀನಾ ಅಂದ, ಮಿಲಾನಿನ ಹೆಂಗಸರು ಹುಲ್ಲಿನ ಟೋಪಿ ಹಾಕ್ಕೊಂಡು ಟೊಮ್ಯಾಟೊ ಕೀಳ್ತಾ ಫೋಟೋ ತೆಗೆಸ್ಕೊಳ್ತಾರೆ, ನನ್ನಮ್ಮ ಇದೇ ಸಾಲಲ್ಲಿ ಬಗ್ಗಿ ಬಗ್ಗಿ ಕೊನೆಗೆ ನೆಟ್ಟಗೆ ನಿಲ್ಲೋದೇ ಮರೆತಿದ್ದಳು — ಹೋಗ್ಲಿ, ಅದಕ್ಕಲ್ಲ ನಾನು ಬಂದಿರೋದು, ಕೊಟ್ಟಿಗೆ ಹಂದಿಗೂಡು ಎಲ್ಲಾ ಅವನೇ ಇಟ್ಕೊಳ್ಳಲಿ, ಗಂಡುಮಗ, ನನಗೇನು. ನನ್ನ ಚೀಲದಲ್ಲಿ ಸೆಂಟಿನ ಬಾಟಲಿ ಇದೆ, ಒಳಗೆ ಸೀಮೆಎಣ್ಣೆ ಇದೆ. ಶೆಡ್ಡಿನ ಡಬ್ಬದಿಂದ ತುಂಬಿಸ್ಕೊಳ್ವಾಗ ನನ್ನ ಗಂಡ ರೊಕ್ಕೊ ನೋಡ್ಬಿಟ್ಟ, ಏನೇ ಇದು, ಅಣ್ಣನ ಮನೆ ಸುಡ್ತೀಯಾ ಅಂದ, ಸುಡಲ್ಲ, ಸುಟ್ರೆ ಒಂದೇ ದಿನಕ್ಕೆ ಮುಗಿಯುತ್ತೆ ಅಂದೆ, ಅವನು ತಲೆ ಮೇಲೆ ಕೈ ಇಟ್ಕೊಂಡ, ನಿಮ್ಮ ಉತ್ತರದವರ ಸಿಟ್ಟು ನನಗೆ ಅರ್ಥಾನೇ ಆಗಲ್ಲ ಮಾರಾಯ್ತಿ, ನಮ್ಮ ಕಡೆ ಕೂಗಾಡಿ ಊಟಕ್ಕೆ ಕೂತ್ಕೋತೀವಿ. ಅವನಿಗೋಸ್ಕರಾನೇ ಅಲ್ವಾ ಇಷ್ಟೆಲ್ಲ, ಕಲಾಬ್ರಿಯಾದಿಂದ ಬಂದ ರೈಲ್ವೆಯವನನ್ನ ಮದುವೆ ಆಗ್ತೀನಿ ಅಂದಾಗ ಅಪ್ಪ ತಟ್ಟೆಯಿಂದ ತಲೆ ಎತ್ತಲಿಲ್ಲ, ಆಗು, ಆದ್ರೆ ನನ್ನ ಅಟ್ಟದಿಂದ ಒಂದು ತೊಟ್ಟೂ ಆ ದಕ್ಷಿಣದವನ ಮನೆಗೆ ಹೋಗಲ್ಲ ಅಂದ, ಒಂದು ತೊಟ್ಟೂ. ಮದುವೆ ಆಗಿ ಹೋಗೋ ಹುಡುಗಿ ಜೊತೆ ಅವಳ ಪೀಪಾಯಿಗಳು ಹೋಗ್ಬೇಕು, ಗಾಡೀಲಿ, ಹೂ ಕಟ್ಟಿ, ನಾನು ಕೈಬೀಸ್ಕೊಂಡು ಹೋದೆ. ಸ್ಟೇಷನ್ನಿಗೆ ಬಂದ ಇವಾನೊ ಕಣ್ಣು ಒರೆಸ್ಕೊಂಡು, ಅಳ್ಬೇಡ ಎರ್ಸೀ, ಅಪ್ಪ ಹೋದ ಮರುದಿನ ನಾನೇ ಲಾರೀಲಿ ತಂದು ನಿನ್ನ ಬಾಗಿಲಿಗೆ ಇಳಿಸ್ತೀನಿ ಅಂದ. ಅಪ್ಪ ಹೋದ. ಲಾರಿ ಬರಲಿಲ್ಲ. ಫೋನ್ ಮಾಡಿದ್ರೆ, ಏನು ಹೇಳ್ಲಿ ಎರ್ಸೀ, ಸೋರಿ ಹೋಗಿತ್ತು, ಹುಳ ಹೊಡೆದಿತ್ತು, ಒಲೆಗೆ ಹಾಕ್ಬಿಟ್ಟೆ, ಹಾಗಂದ, ನಾನು ಫೋನ್ ಇಟ್ಟು ಅಡುಗೆಮನೆ ನೆಲದ ಮೇಲೆ ಕೂತು ಅತ್ತೆ, ಸತ್ತವರಿಗೆ ಅಳೋ ಹಾಗೆ ಅತ್ತೆ, ಅದಕ್ಕೇ ನನಗೆ ಇನ್ನೂ ಹೊಟ್ಟೆ ಉರಿಯೋದು, ಸುಳ್ಳಿಗೆ ಅತ್ತಿದ್ದು. ಆಮೇಲೆ ಹೋದ ಚಳಿಗಾಲ ಹಲ್ಲಿನ ಡಾಕ್ಟರ ಹತ್ರ ಕಾಯ್ತಾ ಕೂತಾಗ ಒಂದು ನುಣುಪು ಕಾಗದದ ಮಾಸಪತ್ರಿಕೆ, ಹಳ್ಳಿಯಲ್ಲಿ ಸ್ವರ್ಗ ಅಂತೇನೋ, ಯಾರೋ ಹೆಂಗಸು ಪೀಪಾಯಿ ತಬ್ಕೊಂಡು ನಿಂತಿದಾಳೆ, ಪೀಪಾಯಿ ಬಾಯಿ ಮೇಲೆ ಕ್ರೋಶಾ ಹಾಕಿದ ಬಿಳೀ ಬಟ್ಟೆ, ಬಟ್ಟೆಯ ಒಂದು ಮೂಲೆ ಸುಟ್ಟಿದೆ. ಆ ಮೂಲೆ ಸುಟ್ಟವಳು ನಾನು, ಆರು ವರ್ಷದವಳಿದ್ದಾಗ, ಮೇಣದಬತ್ತೀಲಿ, ಅಜ್ಜಿ ಒಂದೇಟು ಹಾಕಿ ಆಮೇಲೆ ನಕ್ಕಿದ್ದಳು.

ಈಗ ಮಧ್ಯಾಹ್ನ ಊಟ ಆಗಿ ಎಲ್ಲಾ ಮಲಗೋ ಹೊತ್ತು, ಕೊಳದ ಪಕ್ಕ ಬಿಸಿಲಿಗೆ ಬಿದ್ಕೊಂಡಿದಾರೆ, ಅಟ್ಟ ತೋರಿಸೋದು ಇನ್ನೂ ಆಮೇಲೆ ಅಂತೆ, ಮರೀಸಾನೇ ಕರ್ಕೊಂಡು ಹೋಗ್ತಾಳಂತೆ, ಮೆಟ್ಟಿಲ ಹತ್ರ ಹಗ್ಗ ಕಟ್ಟಿದಾರೆ, ಎತ್ತಿ ದಾಟಿದೆ, ನನ್ನ ಮನೆ ಮೆಟ್ಟಿಲಿಗೆ ಹಗ್ಗ — ಇಲ್ಲಿ ಕಾಲಿಟ್ರೆ ಕಿರ್ ಅನ್ನುತ್ತೆ, ಇಲ್ಲಿ ಅನ್ನಲ್ಲ, ಕಾಲಿಗೆ ಇನ್ನೂ ಗೊತ್ತಿದೆ, ಮಂಡಿಗೆ ಮಾತ್ರ ವಯಸ್ಸಾಗಿದೆ. ಮೇಲೆ ಬಂದ ಕೂಡ್ಲೇ ಆ ಸೆಕೆ, ಹೆಂಚಿನ ಕೆಳಗಿನ ಸೆಕೆ, ಆ ವಾಸನೆ, ನಿಂತ್ಬಿಟ್ಟೆ, ಕಿಟಕಿ ಕಟ್ಟೆ ಹಿಡ್ಕೊಂಡೆ, ಅಳ್ಬೇಡ ಮುದುಕಿ, ಅಳೋಕೆ ಬಂದಿಲ್ಲ. ನನ್ನ ಐದೂ ಪೀಪಾಯಿ ಇವೆ. ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ, ಒಂದೊಂದು ಒಂದೊಂದು ಮರದ್ದು, ಅಕ್ಕ-ತಂಗಿಯರ ಥರ, ಪ್ರತಿ ಚಳಿಗಾಲ ಚಿಕ್ಕದರಿಂದ ಸ್ವಲ್ಪ ತೆಗೆದು ಅದಕ್ಕೆ ಅದರ ಅಕ್ಕನಿಂದ ತುಂಬಿ, ಅಕ್ಕನಿಗೆ ಅದರ ಅಕ್ಕನಿಂದ, ಹಾಗೆ ಹಿಂದಕ್ಕೆ ಹೋಗಿ ದೊಡ್ಡಕ್ಕನಿಗೆ ಹೊಸ ರಸ, ಆದ್ರಿಂದ ಚಿಕ್ಕದರ ತಳದಲ್ಲಿ ನಾನು ಹುಟ್ಟಿದ ವರ್ಷದ್ದು ಇವತ್ತಿಗೂ ಇದೆ, ಅಜ್ಜಿ ಕೈಯಿಂದ ಸುರಿದಿದ್ದು. ಅದಕ್ಕೇ ಹಾಕ್ಬೇಕು. ಒಂದು ತೊಟ್ಟು ಸಾಕು, ಮರ ಸೀಮೆಎಣ್ಣೆ ಕುಡೀತು ಅಂದ್ರೆ ಮತ್ತೆ ಬಿಡಲ್ಲ, ತೊಳೀ ಉಜ್ಜು ಏನ್ ಬೇಕಾದ್ರೂ ಮಾಡು, ಮುಗೀತು, ಮರೀಸಾ ಅತಿಥಿಗಳ ನಾಲಿಗೆಗೆ ಇಡ್ತಾಳೆ, ಅವರು ಥೂ ಅಂತಾರೆ, ಆ ಮುಖ ನೋಡೋಕೆ ನಾನಿನ್ನೂ ಒಂದು ರಾತ್ರಿ ಇರೋಳೇ. ಮುಂಭಾಗಕ್ಕೆ ಹಿತ್ತಾಳೆ ತಗಡು ಹೊಡೆದಿದಾರೆ, ಮರೀಸಾ ಅಂತ ಬಳ್ಳಿ ಬಳ್ಳಿ ಅಕ್ಷರ, ತಗಡಿನ ಅಂಚಿಂದ ಉಗುರು ತೂರಿಸಿದೆ, ಸಿಕ್ತು, ಕಾದ ಕಬ್ಬಿಣದಲ್ಲಿ ಅಜ್ಜ ಸುಟ್ಟು ಬರೆದ ನನ್ನ ಹೆಸರಿನ ಮೊದಲಕ್ಷರದ ಗುಳಿ, ಅಳಿಸೋಕೂ ಸೋಮಾರಿತನ ಇವರಿಗೆ, ಮುಚ್ಚಿಟ್ರೆ ಆಯ್ತು. ಬಾಟಲಿ ಮುಚ್ಚಳ ತಿರುಗಿಸಿದೆ, ಇನ್ನೊಂದು ಕೈ ಬಟ್ಟೆ ಎತ್ತೋಕೆ ಹೋಗಿ — ಠಕ್ ಠಕ್. ತಟ್ಟಿಬಿಟ್ಟೆ! ಪೀಪಾಯಿ ಹೊಟ್ಟೆಗೆ, ಬೆರಳ ಗೆಣ್ಣಿಂದ, ಎರಡು ಸಲ. ಕೈ ತಾನೇ ತಟ್ಟಿತು, ಅಜ್ಜಿ ಕಲಿಸಿದ್ದು, ಒಳಗೆ ನಿದ್ದೆ ಮಾಡ್ತಿರುತ್ತೆ ಮಗಾ, ಎಬ್ಬಿಸಿ ತೆಗೀಬೇಕು, ಇಲ್ಲಾಂದ್ರೆ ಮುನಿಸ್ಕೊಳ್ಳುತ್ತೆ — ಕದಿಯೋಕೆ ಬಂದವಳು ಬಾಗಿಲು ತಟ್ಟಿದ ಹಾಗಾಯ್ತು, ಥೂ ನನ್ನ ಬುದ್ಧಿಗೆ. ಬಟ್ಟೆ ಎತ್ತಿದೆ, ಸುಟ್ಟ ಮೂಲೆ ನನ್ನ ಬೆರಳಲ್ಲೇ ಇದೆ, ಬಾಟಲಿ ಬಗ್ಗಿಸಿದೆ, ಬಗ್ಗಿಸ್ತಿದೀನಿ, ಪೀಪಾಯಿ ಬಾಯಿಂದ ಉಸಿರು ಬರ್ತಿದೆ, ಅಜ್ಜಿಯ ಉಸಿರಲ್ಲ, ವಿನೆಗರಿನದು, ಒಂದೇ ತೊಟ್ಟು — ಹಾಕೇ ಎರ್ಸೀಲಿಯಾ, ಯಾರದ್ದು ಅಂತ ನೋಡ್ತೀಯಾ, ನಿನ್ನ ಹೆಸರು ಹೋದ ಮೇಲೆ ನಿನ್ನದೇನಿದೆ ಇದರಲ್ಲಿ.

ಕಿರ್. ಮೆಟ್ಟಿಲು. ಎರ್ಸೀ? ಅಂತ. ಬೇರೆ ಯಾರೂ ನನ್ನ ಹಾಗೆ ಕರೆಯಲ್ಲ. ತಿರುಗಿದೆ, ಅಣ್ಣ ನಿಂತಿದಾನೆ ಬನಿಯನ್ನಲ್ಲಿ, ನಿದ್ದೆಗಣ್ಣು, ಎಷ್ಟು ಚಿಕ್ಕವನಾಗ್ಬಿಟ್ಟಿದಾನೆ, ಅಪ್ಪನ ಕಿವಿ ಬಂದಿದೆ ಇವನಿಗೆ, ಕೆಳಗಿನ ಕೋಣೇಲಿ ಮಲಗಿದ್ದೆ, ತಟ್ಟಿದ್ದು ಕೇಳಿಸ್ತು, ಅಜ್ಜಿ ಸತ್ಮೇಲೆ ಹಾಗೆ ತಟ್ಟೋಳು ನೀನೊಬ್ಳೇ ಅಂದ, ಅಳು ಬರೋ ಮುಖ ಮಾಡಿದ, ಸ್ಟೇಷನ್ನಿನಲ್ಲಿ ಮಾಡಿದ ಮುಖಾನೇ. ಒಲೆಗೆ ಹಾಕಿದ್ದ ಪೀಪಾಯಿ ಚೆನ್ನಾಗಿ ಬೆಳೆದಿದೆ ಕಣೋ ಅಂದೆ. ತಲೆ ಬಗ್ಗಿಸಿದ. ಬಂದೋರಿಗೆ ಕಥೆ ಬೇಕಿತ್ತು ಎರ್ಸೀ, ಮನೆಯೊಡತಿ ಹುಟ್ಟಿದ ದಿನದ್ದು ಅಂದ್ರೆ ಮುಗಿಬೀಳ್ತಾರೆ, ಮರೀಸಾ ಕೇಳಿದ್ಲು, ಹೂಂ ಅಂದ್ಬಿಟ್ಟೆ, ನಿನಗೆ ಹೇಳೋಣ ಹೇಳೋಣ ಅಂತಾನೇ — ಸಾಕು ನಿಲ್ಸು ಅಂದೆ. ಹತ್ತಿರ ಬಂದ, ಬಾಟಲಿ ನೋಡಿದ, ಏನದು, ಸೆಂಟಾ, ಕೊಡಿಲ್ಲಿ ಅಂತ ಕೈ ಚಾಚಿ ಬಗ್ಗಿ ಮೂಸಿದ, ಚೆನ್ನಾಗಿದೆ ಅಂದ. ಚೆನ್ನಾಗಿದೆ? ಇಡೀ ಅಟ್ಟ ಸೀಮೆಎಣ್ಣೆ ನಾರ್ತಿದೆ, ನನಗೆ ಕಣ್ಣಲ್ಲಿ ನೀರು ಬರ್ತಿದೆ — ನಿನ್ನ ಮೂಗು ಹೋಗಿದೆ ಕಣೋ! ಬಿಳಿಚಿಕೊಂಡ, ಮೆಲ್ಲಗೆ ಮಾತಾಡು, ಒಂದ್ಸಲ ಜ್ವರ ಬಂದಾಗಿನಿಂದ ವಾಸನೆ ಏನೂ ಗೊತ್ತಾಗಲ್ಲ, ಯಾರಿಗೂ ಹೇಳಿಲ್ಲ, ಅವಳಿಗೂ, ಹೇಳಿದ್ರೆ ಪೀಪಾಯಿ ಯಾರು ನೋಡ್ಕೋತಾರೆ ಅಂತ — ನಗು ಬಂತು ನನಗೆ, ಒಳಗಿನಿಂದ ಸಿಹಿಯಾಗಿ ಬಂತು, ದೇವರೇ ಇಷ್ಟು ಒಳ್ಳೇದನ್ನ ನಾನು ಕೇಳೂ ಇರ್ಲಿಲ್ಲ. ಇದು ಸೀಮೆಎಣ್ಣೆ ಇವಾನೊ ಅಂದೆ. ಐದರಲ್ಲಿ ಒಂದಕ್ಕೆ ಹಾಕಿದೀನಿ. ಯಾವುದು ಅಂತ ನೀನೇ ಮೂಸಿ ಹೇಳು. ಹಾಕಿರ್ಲಿಲ್ಲ, ಆದ್ರೆ ಅವನಿಗೇನು ಗೊತ್ತು, ಪೀಪಾಯಿಗಳ ಬಟ್ಟೆ ಕಿತ್ತೆಸೆದ, ಒಂದೊಂದರ ಬಾಯಿಗೂ ಮುಖ ಇಟ್ಟ, ಉಸಿರು ಎಳೆದ, ಎಳೆದ, ಮೂಗು ಕಪ್ಪಾಯ್ತು, ಗಲ್ಲದಿಂದ ತೊಟ್ಟು ಇಳೀತು, ಈ ಮಧ್ಯದ್ದಾ ಎರ್ಸೀ, ಹೇಳೇ, ಚೆರ್ರಿ ಮರದ್ದಾ, ನಿನ್ನ ಕಾಲಿಗೆ ಬೀಳ್ತೀನಿ, ಹೇಳು. ಹೆಂಡ್ತೀನ ಕರಿ, ಅವಳಿಗೆ ಮೂಗಿದೆಯಲ್ಲ ಅಂದೆ. ಮಂಡಿಯೂರಿ ಕೂತ್ಬಿಟ್ಟ. ಇದನ್ನೇ ನೋಡೋಕೆ ಬಂದಿದ್ದು ನಾನು, ಇಷ್ಟು ವರ್ಷ, ಇದೇ — ನೋಡ್ತಿದೀನಿ, ಕಣ್ಣು ತುಂಬಾ ನೋಡ್ತಿದೀನಿ.

ಕೆಳಗೆ ಚಪ್ಪಲಿ ಸದ್ದು, ಗುಂಪಾಗಿ ಬರ್ತಿದಾರೆ, ಮರೀಸಾಳ ಗಂಟಲು ಮೊದಲು ಬರ್ತಿದೆ, ತಲೆ ಜೋಪಾನ, ತೊಲೆ ಹಳೇದು, ನಾನು ಹುಟ್ಟಿದ ದಿನ ನನ್ನಜ್ಜಿ — ಬಾ ತಾಯಿ ಬಾ, ನಾನು ಚಿಕ್ಕ ಪೀಪಾಯಿ ಹತ್ರ ಹೋಗಿ ತೆರೆದ ಬಾಯಿ ಮೇಲೆ ಬಾಟಲಿ ಬಗ್ಗಿಸಿ ಹಿಡಿದೆ, ಹೇಳು ಅಂದೆ ಅಣ್ಣನಿಗೆ, ಅವಳ ಮುಂದೆ, ಇವರೆಲ್ಲರ ಮುಂದೆ, ಪೀಪಾಯಿ ಯಾರದ್ದು ಹೇಳು, ಇಲ್ಲಾಂದ್ರೆ ಇದಕ್ಕೂ ಹೋಗುತ್ತೆ. ಹುಲ್ಲಿನ ಟೋಪಿಗಳು ಮೇಲೆ ಬಂದವು, ಮರೀಸಾ ಬಂದಳು, ಮೂಗು ಮುಚ್ಕೊಂಡಳು, ಏನ್ರೀ ಇದು ಸೀಮೆಎಣ್ಣೆ ನಾತ, ಇವಾನೊ, ಯಾಕ್ರೀ ನೆಲದ ಮೇಲೆ, ಮುಖವೆಲ್ಲ ಏನದು, ಯಾರಿವರು — ಅವನು ನನ್ನ ಕೈ ನೋಡ್ತಿದಾನೆ, ಬಾಟಲಿ ತುದಿ ನೋಡ್ತಿದಾನೆ, ನನ್ನ ತಂಗಿ ಅಂದ. ಜೋರಾಗಿ ಹೇಳು ಅಂದೆ ನಾನು. ಎರ್ಸೀಲಿಯಾ ಅಂದ, ನನ್ನ ತಂಗಿ ಎರ್ಸೀಲಿಯಾ, ಈ ಐದೂ ಅವಳವು, ಅವಳು ಹುಟ್ಟಿದ ದಿನ ನಮ್ಮಜ್ಜಿ ಶುರು ಮಾಡಿದ್ದು, ಮರೀಸಾಗೂ ಇದಕ್ಕೂ ಸಂಬಂಧ ಇಲ್ಲ, ತಗಡಿನ ಕೆಳಗೆ ಹೆಸರಿದೆ ನೋಡ್ಕೊಳ್ಳಿ, ನಾನು ಸುಳ್ಳು ಹೇಳಿದ್ದೆ. ಯಾರೋ ಟೋಪಿ ತೆಗೆದ್ರು, ಸತ್ತವರ ಮನೇಲಿ ತೆಗೆಯೋ ಹಾಗೆ. ಆಯ್ತು. ಆಯ್ತಲ್ಲ, ಕೇಳಿಸ್ತಲ್ಲ, ಎಲ್ಲರಿಗೂ ಕೇಳಿಸ್ತು, ಇನ್ನು ಕೈ ಹಿಂದಕ್ಕೆ ತಗೋ ಎರ್ಸೀಲಿಯಾ, ನಿನ್ನದು ನಿನಗೆ ಬಂತು, ಬಾಟಲಿ ನೆಟ್ಟಗೆ ಮಾಡು, ಅಜ್ಜಿ ಸುರಿದಿದ್ದು ಇದರ ತಳದಲ್ಲಿದೆ — ಕೈ ಬರ್ತಿಲ್ಲ, ಇಷ್ಟು ವರ್ಷ ಬಗ್ಗಿಸ್ತೀನಿ ಬಗ್ಗಿಸ್ತೀನಿ ಅಂತ ಕಾದ ಕೈ, ಈಗ ನೆಟ್ಟಗಾಗು ಅಂದ್ರೆ ಕೇಳ್ತಿಲ್ಲ, ಅಲ್ಲಾಡಿಸ್ಬೇಡ, ಬಾಟಲಿ ತುದೀಲಿ ಒಂದು ತೊಟ್ಟು, ದಪ್ಪ ಆಗ್ತಿದೆ, ಹೆಂಚಿನ ಸಂದಿಯ ಬಿಸಿಲು ಅದರೊಳಗೆ ಬಂದು ಕೂತಿದೆ, ಕೆಳಗೆ ಪೀಪಾಯಿ ಬಾಯಿ, ನೇತಾಡ್ತಾ ಇದೆ ತೊಟ್ಟು, ನೇತಾಡ್ತಾ ಇದೆ