ಫ್ರಿಜ್ ಬಾಗಿಲಲ್ಲಿದ್ದ ಔಷಧಿ

ಕಟ್ಟಡದವರೆಲ್ಲ ಕಂಡಕ್ಟರ್ ಮಾವ ಎಂದು ಕರೆಯುತ್ತಿದ್ದ ಹಿರಿಯರ ಔಷಧಿಗಳು ಮನೆಯೆಲ್ಲ ಹರಡಿಕೊಂಡಿದ್ದವು. ಬಿ.ಪಿ. ಮಾತ್ರೆ ಟಿ.ವಿ. ಪಕ್ಕ, ಇನ್ಸುಲಿನ್ ಫ್ರಿಜ್ ಬಾಗಿಲಲ್ಲಿ, ಡಾಕ್ಟರ ಚೀಟಿ ಯಾವುದೋ ದಿಂಬಿನಡಿ.

ತಿಂಗಳಿಗೊಮ್ಮೆ ಬಿ.ಪಿ. ನೋಡಲು ಬರುತ್ತಿದ್ದ ನರ್ಸ್, ಬೆಂಕಿಯೋ ಪ್ರವಾಹವೋ ಬಂದರೆ ಹುಡುಕಲು ಪುರುಸೊತ್ತಿರುವುದಿಲ್ಲ, ಒಂದು ಚೀಲದಲ್ಲಿ ಎಲ್ಲ ಜೋಡಿಸಿಡಿ ಎಂದು ಹೇಳಿದ್ದರು. ಮಾವ ನಕ್ಕುಬಿಟ್ಟರು.

"ಮೂವತ್ತು ವರ್ಷ ಬಸ್ಸಿಂದ ಜನರನ್ನ ಇಳಿಸಿದೀನಮ್ಮ. ಇಳಿಯೋದು ನನಗೆ ಹೇಳಿಕೊಡಬೇಕಾ?"

ಒಂದು ಮಂಗಳವಾರ ಮಧ್ಯಾಹ್ನ ಕಟ್ಟಡದ ಕೆಳಗಿನ ಪೇಂಟ್ ಅಂಗಡಿಗೆ ಬೆಂಕಿ ಬಿತ್ತು. ಮೆಟ್ಟಿಲ ತುಂಬ ಹೊಗೆ. ಬೇಕರಿ ಕೆಲಸದಿಂದ ಆಗಷ್ಟೇ ಬಂದಿದ್ದ ಮಗಳು ಅಪ್ಪನ ತೋಳು ಹಿಡಿದು ಬರಿಗಾಲಲ್ಲೇ ಇಳಿಸಿದಳು. ಆ ರಾತ್ರಿ ಕಟ್ಟಡದವರೆಲ್ಲ ಹತ್ತಿರದ ಶಾಲೆಯಲ್ಲಿ ಉಳಿದರು. ಎರಡನೇ ಮಹಡಿಯ ಉಬ್ಬಸದ ಅಜ್ಜಿ ಬಾಗಿಲ ಹಿಂದೆ ತೂಗುಹಾಕಿದ್ದ ಚೀಲ ತಂದಿದ್ದರು. ತಮ್ಮ ಇನ್‌ಹೇಲರ್ ಎಳೆದುಕೊಂಡು ಸುಧಾರಿಸಿಕೊಂಡರು. ಮಾವ ಮಾತ್ರ ಒಂದೆರಡು ಹೊತ್ತು ಸೂಜಿ ತಪ್ಪಿದರೇನಂತೆ ಎಂದುಕೊಂಡು, ಇನ್ಸುಲಿನ್ ಮನೆಯಲ್ಲೇ ಉಳಿದದ್ದನ್ನು ಯಾರಿಗೂ ಹೇಳಲಿಲ್ಲ.

ಬೆಳಗಾಗುವಷ್ಟರಲ್ಲಿ ವಾಂತಿ ಶುರುವಾಯಿತು. ಮಾತು ತಡವರಿಸಿತು. ಆಸ್ಪತ್ರೆಯಲ್ಲಿ ಡಾಕ್ಟರು, ಯಾವ ಇನ್ಸುಲಿನ್, ಎಷ್ಟು ಯೂನಿಟ್ ಎಂದು ಮಗಳನ್ನು ಕೇಳಿದರು.

"ಫ್ರಿಜ್ ಬಾಗಿಲಲ್ಲಿ ಇಡ್ತಾರೆ ಡಾಕ್ಟ್ರೇ. ಹೆಸರು ಗೊತ್ತಿಲ್ಲ."

ಹೇಳುತ್ತಲೇ ಅವಳಿಗೆ ನಾಚಿಕೆಯಾಯಿತು. ಯಾವ ಬ್ರೆಡ್ಡಿಗೆ ಎಷ್ಟು ಕಾವು ಬೇಕೆಂದು ನಿದ್ದೆಗಣ್ಣಲ್ಲೂ ಹೇಳಬಲ್ಲ ತನಗೆ ಅಪ್ಪನ ಔಷಧಿಯ ಹೆಸರೇ ತಿಳಿದಿಲ್ಲ. ಡಾಕ್ಟರು ಎಲ್ಲ ಪರೀಕ್ಷೆ ಮೊದಲಿನಿಂದ ಮಾಡಬೇಕಾಯಿತು. ಮೂರು ದಿನ ತೀವ್ರ ನಿಗಾ ಘಟಕದಲ್ಲಿದ್ದು ಮಾವ ಚೇತರಿಸಿಕೊಂಡರು.

ಮನೆಗೆ ಬಂದ ಮೇಲೆ ಅವರೇ ನರ್ಸನ್ನು ಕರೆಸಿದರು.

"ನನಗೇನೋ ಎಚ್ಚರ ಇರ್ಲಿಲ್ಲಮ್ಮ. ಮೂರು ದಿನ ಬೆಂಚಿನ ಮೇಲೆ ಕೂತು ಅನುಭವಿಸಿದ್ದು ಮಗಳು. ಏನೇನು ಇಡಬೇಕು ಹೇಳು, ಬರ್ಕೋತೀನಿ."

ನರ್ಸ್ ಹೇಳುತ್ತ ಹೋದರು: ಒಂದು ವಾರದ ಮಾತ್ರೆ, ಸಿರಿಂಜು, ಡಾಕ್ಟರ ಚೀಟಿಯ ನಕಲು, ಇನ್ನೊಂದು ಕನ್ನಡಕ, ಮನೆಯವರ ಫೋನ್ ನಂಬರು. ಇನ್ಸುಲಿನ್ ತಂಪಿನಲ್ಲೇ ಇರಲಿ, ಆದರೆ ಹೊರಡುವಾಗ ಮರೆಯದಂತೆ ಚೀಲದ ಮೇಲೆ ‘ಫ್ರಿಜ್‌ನಿಂದ ಇನ್ಸುಲಿನ್’ ಎಂದು ದೊಡ್ಡದಾಗಿ ಬರೆದಿಡಿ. ಅವಧಿ ಮುಗಿಯುವ ಮುಂಚೆ ಮಾತ್ರೆ ಬದಲಿಸಿ. ಮಗಳು ಚೀಟಿಯ ಫೋಟೊ ತೆಗೆದು ಫೋನಿನಲ್ಲಿಟ್ಟುಕೊಂಡಳು, ಪಕ್ಕದ ಮನೆಯವರಿಗೂ ಕಳಿಸಿದಳು.

ಓದುತ್ತಿರುವವರೇ, ನಿಮ್ಮ ಮನೆಯ ಹಿರಿಯರು ದಿನಾ ತೆಗೆದುಕೊಳ್ಳುವ ಔಷಧಿಗಳ ಹೆಸರನ್ನು ನೀವು ಈಗ, ಕೂತಲ್ಲೇ ಹೇಳಬಲ್ಲಿರಾ? ಆಗದಿದ್ದರೆ ಎದ್ದು ಹೋಗಿ ಅವರನ್ನೇ ಕೇಳಿ. ಚೀಲ ಇವತ್ತೇ ಬಾಗಿಲ ಬಳಿ ಬರಲಿ.