ತಿಮ್ಮಕ್ಕ ತೊಳೆದ ಸರ್ವರ್

ನಾನು ಜೈನಬ್. ರಾಮನಗರದ ಒಂದು ಚಾಕಿ ಕೇಂದ್ರದಲ್ಲಿ ಡೇಟಾಬೇಸ್ ನೋಡಿಕೊಳ್ಳುತ್ತೇನೆ. ರೇಷ್ಮೆ ಹುಳುವನ್ನು ಮೊಟ್ಟೆಯಿಂದ ಎರಡನೇ ಜ್ವರದವರೆಗೆ ನಾವು ಸಾಕಿ, ಆಮೇಲೆ ರೈತರ ಮನೆಗೆ ಕಳಿಸುತ್ತೇವೆ. ಪೊರೆ ಬಿಡಲು ಹುಳು ನಿದ್ದೆಹೋಗುವುದನ್ನು ನಮ್ಮ ಕಡೆ ಜ್ವರ ಎನ್ನುತ್ತಾರೆ. ಯಾವ ತಟ್ಟೆಯ ಹುಳು ಯಾರ ಮನೆಗೆ ಎಂಬುದೆಲ್ಲ ನನ್ನ ಸರ್ವರ್‌ನಲ್ಲಿರುತ್ತದೆ. ತಟ್ಟೆಯ ಮೇಲೆ ಬರೀ ನಂಬರು.

ಯಜಮಾನರಾದ ಪುಟ್ಟಲಿಂಗಯ್ಯನವರ ಕಣ್ಣಿಗೆ ಹುಳು ಸೊಪ್ಪು ತಿನ್ನುವುದು ಕಾಣುತ್ತದೆ, ನನ್ನ ಕೆಲಸ ಕಾಣುವುದಿಲ್ಲ. ಪ್ರತಿ ರಾತ್ರಿ ಸರ್ವರ್‌ನ ನಕಲೊಂದು ಚನ್ನಪಟ್ಟಣದ ಶಾಖೆಗೆ ಹೋಗುತ್ತದೆ. ಪ್ರತಿ ಶನಿವಾರ ಅಲ್ಲಿಗೆ ಹೋಗಿ, ಆ ನಕಲನ್ನು ಬೇರೆ ಕಂಪ್ಯೂಟರಿಗೆ ಹಾಕಿ, ಎಲ್ಲ ಸರಿಯಾಗಿ ಬರುತ್ತದೆಯೇ ಎಂದು ನೋಡುತ್ತೇನೆ. ಅದು ಅವರಿಗೆ ದೊಡ್ಡ ತಮಾಷೆ. ಬೀಳದ ಮನೆಯನ್ನು ವಾರವಾರ ಎತ್ತಿ ನಿಲ್ಲಿಸುವ ಹುಡುಗಿ ಎಂದು ಬಂದವರ ಮುಂದೆಲ್ಲ ಆಡಿಕೊಳ್ಳುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆ ಮಂಗಳವಾರ ಒಂದು ಕೋಣೆಯಲ್ಲಿ ಹುಳುಗಳು ಜ್ವರದಿಂದ ಏಳುತ್ತಿದ್ದವು, ಸಂಜೆಯೊಳಗೆ ರೈತರ ಮನೆ ಸೇರಬೇಕಿತ್ತು. ಉಳಿದ ಕಟ್ಟಡವನ್ನು ಮುಂದಿನ ಬ್ಯಾಚಿಗಾಗಿ ತೊಳೆಯುವ ಕೆಲಸ ನಡೆದಿತ್ತು. ಹಿಂದಿನ ವರ್ಷ ರೋಗ ಬಂದು ಒಂದು ಬ್ಯಾಚು ಪೂರ್ತಿ ಹಾಳಾದಾಗಿನಿಂದ ಯಜಮಾನರದು ಒಂದೇ ಮಾತು, ತೊಳೆಯುವಾಗ ಒಂದು ಮೂಲೆಯನ್ನೂ ಬಿಡಬಾರದು. ತೊಳೆಯುವ ತಿಮ್ಮಕ್ಕ ಅದನ್ನು ಚಾಚೂ ತಪ್ಪದೆ ಪಾಲಿಸಿದಳು. ಸರ್ವರ್ ಇದ್ದ ಕೋಣೆಯೂ ಮೊದಲು ಹುಳುವಿನ ಮನೆಯೇ ಆಗಿತ್ತು. ಅದರ ಬೀಗದ ಕೈ ಉಳಿದವುಗಳ ಜೊತೆ ಅದೇ ಮೊಳೆಯಲ್ಲಿ ನೇತಾಡುತ್ತಿತ್ತು. ಬೀಗ ತೆಗೆದು, ಬ್ಲೀಚಿಂಗ್ ಪುಡಿಯ ನೀರನ್ನು ಗೋಡೆಗೆ, ಸೂರಿಗೆ, ಸರ್ವರ್‌ಗೆ ಒಂದೇ ಶ್ರದ್ಧೆಯಿಂದ ಪಂಪಿನಲ್ಲಿ ಹೊಡೆದಿದ್ದಳು.

ಟಪ್ ಎಂದ ಸದ್ದಿಗೆ ನಾನು ಓಡಿಹೋದಾಗ ಸರ್ವರ್ ಸತ್ತಿತ್ತು. ತಿಮ್ಮಕ್ಕ ಪಂಪು ಹಿಡಿದು ಪಕ್ಕದಲ್ಲೇ ನಿಂತಿದ್ದಳು. ಈ ಕೆಲಸದ ಸಂಬಳದಲ್ಲೇ ಅವಳ ಮಗಳು ಮಾಗಡಿಯಲ್ಲಿ ನರ್ಸಿಂಗ್ ಓದುತ್ತಿದ್ದಳು.

ಯಜಮಾನರು ಕೂಗಾಡಿ ಸುಸ್ತಾದ ಮೇಲೆ ತಿಮ್ಮಕ್ಕನಿಗೆ ಮೆಲ್ಲಗೆ ಹೇಳಿದ್ದೇ ಹೆಚ್ಚು ಹೆದರಿಕೆ ಹುಟ್ಟಿಸಿತು. “ಸಂಜೆಗೆ ಹುಳ ಸರ್ಯಾದ್ ಮನೆ ಸೇರುದ್ರೆ ಸರಿ. ಇಲ್ದಿದ್ರೆ ನಾಳೆಯಿಂದ ನೀನು ಬರೋದ್ ಬ್ಯಾಡ ಕಣಮ್ಮ.”

“ಕೀ ಮೊಳೇಲಿ ಹಾಕ್ದೋಳು ನಾನು ಯಜಮಾನ್ರೆ,” ಎಂದೆ. “ಆ ರೂಮಿಗೆ ಯಾರು ಹೋಗ್ಬೋದು, ಯಾರು ಹೋಗ್ಬಾರ್ದು ಅಂತ ನೋಡೋದು ನನ್ ಕೆಲ್ಸ.”

ಅವರು ಕಿವಿಗೆ ಹಾಕಿಕೊಳ್ಳಲಿಲ್ಲ. ನಾನು ಸ್ಕೂಟರ್ ತೆಗೆದೆ. ತಿಮ್ಮಕ್ಕ ಕೇಳದೆಯೇ ಹಿಂದೆ ಹತ್ತಿ ಕೂತಳು. ಚನ್ನಪಟ್ಟಣದವರೆಗೂ ಬ್ಲೀಚಿಂಗ್ ವಾಸನೆ ನಮ್ಮ ಜೊತೆಗೇ ಬಂತು.

ಶಾಖೆಯಲ್ಲಿ ಹಿಂದಿನ ರಾತ್ರಿಯ ನಕಲು ಹಾಕಿದೆ. ಶನಿವಾರದ ಅಭ್ಯಾಸ, ಕೈ ತಡವರಿಸಲಿಲ್ಲ. ಆದರೆ ರಾತ್ರಿಯ ನಕಲಷ್ಟೇ ಸಾಲದು. ಅಂದು ಬೆಳಿಗ್ಗೆ ಮಾಗಡಿಯ ಮಂಚಯ್ಯನವರು ತಮ್ಮ ತೋಟದಲ್ಲಿ ಸೊಪ್ಪು ಇನ್ನೂ ಬಲಿತಿಲ್ಲ ಎಂದು ಹುಳು ಬೇಡವೆಂದಿದ್ದರು. ಅವರ ತಟ್ಟೆಗಳನ್ನು ಕನಕಪುರದ ಸರಸಮ್ಮನ ಹೆಸರಿಗೆ ಹಾಕಿದ್ದೆ. ಇಂಥ ಎಷ್ಟೋ ಬದಲಾವಣೆಗಳಾಗಿದ್ದವು. ಅವೆಲ್ಲ ಆಗಾಗ ಬೇರೆ ಕಡತವಾಗಿ ಚನ್ನಪಟ್ಟಣಕ್ಕೆ ಬರುವಂತೆ ಮಾಡಿದ್ದೆ. ಕೊನೆಯ ಕಡತ ಸರ್ವರ್ ಸಾಯುವ ಮೊದಲು ಬಂದಿತ್ತೋ ಇಲ್ಲವೋ ಅಲ್ಲಾಹನಿಗೇ ಗೊತ್ತು.

ಪರದೆಯಲ್ಲಿ ಆ ತಟ್ಟೆಗಳ ಮುಂದೆ ಇನ್ನೂ ಮಂಚಯ್ಯ ಎಂದೇ ಇತ್ತು. ಅಲ್ಲಿ ಸರಸಮ್ಮ ಎಂದು ಬರಬೇಕು ಎಂದು ತಿಮ್ಮಕ್ಕನಿಗೆ ತೋರಿಸಿದೆ. ಒಂದೊಂದೇ ಕಡತ ಸೇರಿಸುತ್ತ ಹೋದೆ. ಪ್ರತಿ ಸಲವೂ ಮಂಚಯ್ಯನೇ. ಉಳಿದದ್ದು ಒಂದೇ ಕಡತ.

ಅದನ್ನೂ ಸೇರಿಸಿದೆ. ತಿಮ್ಮಕ್ಕ ಪರದೆಯ ಹತ್ತಿರ ಮುಖ ತಂದು ಅಕ್ಷರ ಕೂಡಿಸಿ ಓದಿದಳು. “ಸ-ರ-ಸಮ್ಮ,” ಎಂದಳು. ಆಮೇಲೆ ಕೇಳಿದಳು, “ಜ್ವರದಿಂದ ಎದ್ದಂಗೇನವ್ವ?”

“ಎದ್ದಂಗೇ ತಿಮ್ಮಕ್ಕ.” ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ನನಗೂ ಅಳು ಬಂತು, ನಾಚಿಕೆಯೇನಿಲ್ಲ.

ಹೆಸರುಗಳನ್ನು ರಾಮನಗರಕ್ಕೆ ಕಳಿಸಿದೆ, ತಟ್ಟೆಗಳು ವ್ಯಾನು ಹತ್ತಿದವು. ಬಿಸಿಲು ಇಳಿಯುವ ಹೊತ್ತಿಗೆ ಸರಸಮ್ಮ ಯಜಮಾನರಿಗೆ ಫೋನು ಮಾಡಿ, ಹುಳು ಸೊಪ್ಪಿಗೆ ಬಾಯಿ ಹಾಕಿವೆ ಎಂದರಂತೆ. ಮಂಚಯ್ಯನವರ ಮನೆಗೆ ಹೋಗಿದ್ದರೆ ಅವು ಎಳೆ ಸೊಪ್ಪು ತಿಂದು ಸೊರಗುತ್ತಿದ್ದವು. ಯಜಮಾನರು ತಿಮ್ಮಕ್ಕನಿಗೆ ಹೇಳಿದ್ದು ಇಷ್ಟೇ: “ನಾಳೆ ಒಸಿ ಬೇಗ ಬಾ.”

ಹೊಸ ಸರ್ವರ್ ಬಂತು. ಆ ಶನಿವಾರ ನಾನು ಚನ್ನಪಟ್ಟಣಕ್ಕೆ ಹೊರಟಿದ್ದಾಗ, ಯಜಮಾನರು ಒಬ್ಬ ನೆಂಟರನ್ನು ಸರ್ವರ್ ತೋರಿಸಲು ಕರೆತಂದರು. ಬಾಗಿಲಿಗೆ ಬೀಗ, ಮೊಳೆಯಲ್ಲಿ ಕೀ ಇಲ್ಲ. ಕೀ ತಿಮ್ಮಕ್ಕನ ಸೆರಗಿನ ತುದಿಯಲ್ಲಿ ಗಂಟಾಗಿತ್ತು. ಕೊಟ್ಟವಳು ನಾನೇ.

ಯಜಮಾನರು ಕೈ ಚಾಚಿದರು. ತಿಮ್ಮಕ್ಕ ಗಂಟನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. “ಜೈನಬವ್ವ ಹೇಳ್ದೆ ತೆಗಿಯಾಕಾಗಕಿಲ್ಲ ಯಜಮಾನ್ರೆ.”

ತೆಗಿ ಎನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಚಾಚಿದ ಕೈಯಿಂದಲೇ ನನಗೆ ಹೋಗು ಎಂದು ಸನ್ನೆ ಮಾಡಿದರು. ಮತ್ತೆ ನೆಂಟರ ಕಡೆ ತಿರುಗಿ, ನನ್ನನ್ನು ತೋರಿಸಿದರು. “ಆಯಮ್ಮ ಮನೆ ಎತ್ತಿ ನಿಲ್ಸಕ್ಕೆ ಹೊಂಟವ್ಳೆ. ಬಂದ್ಮೇಲೆ ನೋಡುವ,” ಎಂದು ಬಾಗಿಲ ಹೊರಗೆ ಕುರ್ಚಿ ಹಾಕಿಸಿಕೊಂಡು ಕೂತರು.