ನಡುಮನೆಯವಳ ಕೊನೆಯ ಮಾತು

ಅತ್ತೆಯನ್ನು ದೆವ್ವ ಎನ್ನುವ ಸೊಸೆಯಂದಿರು ಊರ ತುಂಬ ಇದ್ದಾರೆ. ನಾನು ಹಾಗೆಂದರೆ ಮಾತ್ರ ಯಾರೂ ಬೇಸರಪಡುವುದಿಲ್ಲ, ಏಕೆಂದರೆ ನನ್ನ ಅತ್ತೆಯ ಉದ್ಯೋಗವೇ ಅದು. ‘ನಡುಮನೆಯವಳು’ ಸರಣಿಯ ಏಳು ಸಿನಿಮಾಗಳಲ್ಲೂ ದೆವ್ವಕ್ಕೆ ದನಿ ಕೊಟ್ಟವರು ಅವರೇ. ತೆರೆಯ ಮೇಲೆ ನಟಿಯರು ಬದಲಾದರು, ದನಿ ಬದಲಾಗಲಿಲ್ಲ. ನಾನು ಅದೇ ಡಬ್ಬಿಂಗ್ ಸ್ಟುಡಿಯೋದಲ್ಲಿ ಧ್ವನಿಮುದ್ರಣ ಮಾಡುವವಳು. ಅತ್ತೆ ಗಾಜಿನ ಆಚೆ ನಿಂತು ಕಿರುಚುತ್ತಾರೆ, ನಾನು ಈಚೆ ಕುಳಿತು “ಇನ್ನೊಂಚೂರು ಜೋರಾಗಿ ಅತ್ತೆ” ಎನ್ನುತ್ತೇನೆ. ಇಂಥ ಭಾಗ್ಯ ಎಷ್ಟು ಸೊಸೆಯಂದಿರಿಗಿದೆ?

ಸರಣಿ ಹುಟ್ಟಿದ್ದೇ ಅತ್ತೆಯ ಬಾಯಿತಪ್ಪಿನಿಂದ. ಆಗ ನಾನಿನ್ನೂ ಶಾಲೆಯಲ್ಲಿದ್ದೆ. ಇದು ಅವರೇ ನೂರು ಸಲ ಹೇಳಿದ ಕಥೆ. ಮೊದಲ ಸಿನಿಮಾದ ಕೊನೆಯಲ್ಲಿ ದೆವ್ವಕ್ಕೆ ಬಿಡುಗಡೆ ಸಿಗಬೇಕಿತ್ತು. ಬಾಗಿಲಲ್ಲಿ ನಿಂತು, ಮನೆಯನ್ನೊಮ್ಮೆ ತಿರುಗಿ ನೋಡಿ, “ಹೋಗ್ತೀನಿ” ಎಂದು ಕರಗಿಹೋಗಬೇಕು. ಅತ್ತೆ ಅಭ್ಯಾಸಬಲದಿಂದ “ಬರ್ತೀನಿ” ಅಂದುಬಿಟ್ಟರು. ಮನೆಯಿಂದ ಹೊರಡುವವರು ಬೇರೇನು ಹೇಳುತ್ತಾರೆ? ಸ್ಟುಡಿಯೋದಲ್ಲಿದ್ದವರೆಲ್ಲ ಆ ಬೆಳಗ್ಗೆ ತಂತಮ್ಮ ಮನೆಯಲ್ಲಿ ಅದನ್ನೇ ಹೇಳಿ ಬಂದವರು, ಹಾಗಾಗಿ ತಪ್ಪು ಯಾರ ಕಿವಿಗೂ ಬೀಳಲಿಲ್ಲ. ಚಿತ್ರಮಂದಿರದಲ್ಲಿ ಮಾತ್ರ ಜನ ಕುರ್ಚಿ ಬಿಟ್ಟು ಎದ್ದರು. ದೆವ್ವ ಮತ್ತೆ ಬರುತ್ತದಂತೆ! ನಿರ್ಮಾಪಕರು ಅದು ತಮ್ಮದೇ ಐಡಿಯಾ ಎಂದು ಹೇಳಿಕೊಂಡು ಓಡಾಡಿದರು, ಒಂದರ ಬೆನ್ನಿಗೊಂದು ಇನ್ನೂ ಆರು ಸಿನಿಮಾ ತೆಗೆದರು.

ಈಗ ಎಂಟನೆಯದು, ಕಟ್ಟಕಡೆಯದು. ಹೊಸ ನಿರ್ದೇಶಕನಿಗೆ ಮೂವತ್ತರ ಆಸುಪಾಸು. ಮೊದಲ ಭಾಗವನ್ನು ಅಪ್ಪನ ಬೆನ್ನ ಹಿಂದೆ ಅಡಗಿ ನೋಡಿದವನಂತೆ. ಈ ಸಲ ದೆವ್ವ ನಿಜಕ್ಕೂ “ಹೋಗ್ತೀನಿ” ಎನ್ನಲೇಬೇಕು ಎಂದು ಹಟ ಹಿಡಿದಿದ್ದ.

ಗುರುವಾರ ಬೆಳಗ್ಗೆ ಹತ್ತಕ್ಕೆ ಡಬ್ಬಿಂಗ್. ಅದರ ಮುಂದಿನ ಸೋಮವಾರ ಅತ್ತೆಗೆ ಗಂಟಲಿನ ಆಪರೇಷನ್. ಕಿರುಚಿ ಕಿರುಚಿ ಒಳಗೆ ಗಂಟು ಎದ್ದಿತ್ತು. ಅದನ್ನು ತೆಗೆದ ಮೇಲೆ ದನಿ ಮೊದಲಿನಂತೆ ಇರುತ್ತದೆಯೇ ಎಂದು ಕೇಳಿದರೆ ಡಾಕ್ಟರು “ನೋಡೋಣ” ಅಂದಿದ್ದರು. ಡಾಕ್ಟರ ಬಾಯಿಂದ ಆ ಪದ ಕೇಳಿದ ದಿನದಿಂದ ನನಗೆ ಊಟ ಸೇರುತ್ತಿರಲಿಲ್ಲ. ಅತ್ತೆ ಮಾತ್ರ, “ನಾನು ಮೂಕಿ ಆದ್ರೆ ನಿಂಗೇ ಲಾಭ ತಾನೇ?” ಎಂದು ನಕ್ಕಿದ್ದರು. ನಾನು ನಗಲಿಲ್ಲ. ಮದುವೆಯಾಗಿ ಬಂದ ಮನೆಯಲ್ಲಿ ನನ್ನನ್ನು ಮೊದಲು ‘ಮಗಳೇ’ ಎಂದು ಕರೆದ ದನಿ ಅದು.

ಕಿರುಚಾಟಗಳೆಲ್ಲ ಹನ್ನೊಂದರೊಳಗೆ ಮುಗಿದವು. ಉಳಿದದ್ದು ಒಂದೇ ಪದ.

“ಬರ್ತೀನಿ,” ಅಂದರು ಅತ್ತೆ.

“ಅಮ್ಮಾ, ಹೋಗ್ತೀನಿ,” ಅಂದ ನಿರ್ದೇಶಕ.

“ಹಾಂ, ಹಾಂ, ಗೊತ್ತಾಯ್ತು. ಬರ್... ಅಯ್ಯೋ, ಸುಡ್ಲಿ ನನ್ನ ಬಾಯಿ!”

ಒಂಬತ್ತು ಟೇಕ್ ಆಯಿತು. ಒಂದರಲ್ಲೂ ಸರಿಯಾದ ಪದ ಹೊರಡಲಿಲ್ಲ. ಅತ್ತೆ ಹೆಡ್‌ಫೋನ್ ಕಿತ್ತಿಟ್ಟರು.

“ದೆವ್ವ ಆದ್ರೇನಪ್ಪಾ? ಬಾಗಿಲಲ್ಲಿ ನಿಂತ್ಕೊಂಡು ಹೋಗ್ತೀನಿ ಅಂತ ಯಾವ ಹೆಣ್ಣುಮಗಳು ಹೇಳ್ತಾಳೆ? ಬಾಯಿಗೇ ಬರಲ್ಲ ಅದು.”

ನಿರ್ದೇಶಕ ನನ್ನ ಕಿವಿಯ ಬಳಿ ಬಗ್ಗಿದ. “ಹಳೇ ಸಿನಿಮಾಗಳಿಂದ ಕತ್ತರಿಸಿ ಅಂಟಿಸೋಕಾಗಲ್ವಾ ಅಕ್ಕ?”

ಆಗುತ್ತಿತ್ತು. ಮೂರನೇ ಭಾಗದಲ್ಲಿ “ಹೋಗ್ರೋ” ಎಂದು ಅಬ್ಬರಿಸಿದ್ದಾರೆ, ಐದರಲ್ಲಿ “ತಿಂತೀನಿ” ಎಂದು ಹೆದರಿಸಿದ್ದಾರೆ. ಅದರ ತಲೆಗೆ ಇದರ ಬಾಲ ಹಚ್ಚುವುದು ಐದು ನಿಮಿಷದ ಕೆಲಸ. “ಆಗಲ್ಲ” ಅಂದೆ. ಅವರು ಆಡಲಾರದ ಮಾತನ್ನು, ಅದೂ ಈ ವಾರ, ಅವರ ಬಾಯಿಗೆ ತುರುಕಲು ನನಗೆ ಮನಸ್ಸು ಬರಲಿಲ್ಲ. ಸುಳ್ಳು ಹೇಳಿದ್ದಕ್ಕೆ ನಾಚಿಕೆಯೂ ಆಗಲಿಲ್ಲ.

ಅವನು ಒಳಗೆ ಹೋಗಿ ಅತ್ತೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತ.

“ಅಮ್ಮಾ, ಏಳು ಸಿನಿಮಾದಿಂದ ಅವಳು ಆ ಮನೇಲೇ ಸಿಕ್ಕಾಕ್ಕೊಂಡಿದಾಳೆ. ಬರ್ತೀನಿ ಅಂದ ತಪ್ಪಿಗೆ ಪಾಪ ಪ್ರತಿ ಸಲ ಬರ್ಲೇಬೇಕು. ಅವಳಿಗೂ ಸಾಕಾಗಿರಲ್ವಾ?”

ಅತ್ತೆ ಕೈಯನ್ನು ಗಂಟಲ ಮೇಲಿಟ್ಟುಕೊಂಡರು. “ನಂಗೂ ಸಾಕಾಗಿದೆ ಕಣಪ್ಪಾ,” ಅಂದರು. ಆಮೇಲೆ ನನ್ನ ಕಡೆ ನೋಡಿ, “ಹಾಕು ಮಗಳೇ, ಇನ್ನೊಂದ್ಸಲ.”

ತೆರೆಯ ಮೇಲೆ ದೆವ್ವ ಬಾಗಿಲಿಗೆ ಬಂತು. ದೆವ್ವದ ಗೊಗ್ಗರು ದನಿಯಲ್ಲಲ್ಲ, ಅಡುಗೆಮನೆಯಿಂದ ನನ್ನನ್ನು ಕೂಗುವ ತಮ್ಮ ಸ್ವಂತ ದನಿಯಲ್ಲಿ ಅತ್ತೆ ಹೇಳಿದರು: “ಹೋಗ್ತೀನಿ.”

ಒಳಗಿನವರೊಂದಿಗೆ ಮಾತಾಡುವ ಗುಂಡಿಯನ್ನು ನನ್ನ ಬೆರಳು ತಾನಾಗಿ ಒತ್ತಿತು.

“ಹೋಗಿ ಬನ್ನಿ!” ಅಂದೆ.

ಹದಿನೆಂಟು ವರ್ಷದಲ್ಲಿ ಟೇಕ್ ನಡೆಯುವಾಗ ನಾನು ಜೋರಾಗಿ ಉಸಿರು ಬಿಟ್ಟವಳೂ ಅಲ್ಲ. ಅತ್ತೆ ಹೆಡ್‌ಫೋನನ್ನು ಒಂದೇ ಕಿವಿಗೆ ಹಾಕಿಕೊಳ್ಳುವವರು. ಇನ್ನೊಂದು ಕಡೆಯಿಂದ ನನ್ನ ದನಿ ಸೋರಿ ಮೈಕಿಗೆ ಬಿದ್ದಿತ್ತು. ಹಾಕಿ ಕೇಳಿದರೆ, “ಹೋಗ್ತೀನಿ” ಆದ ಮೇಲೆ, ಆ ಖಾಲಿ ಮನೆಯ ಒಳಗಿನಿಂದ ಯಾರೋ ಸಣ್ಣಗೆ “ಹೋಗಿ ಬನ್ನಿ” ಎನ್ನುತ್ತಿದ್ದರು. ನಿರ್ದೇಶಕ ಮೂರು ಸಲ ಕೇಳಿದ. ರೋಮ ನಿಮಿರಿದ ತೋಳನ್ನು ನನಗೆ ತೋರಿಸಿದ.

“ಇದನ್ನ ಮುಟ್ಬೇಡಿ ಅಕ್ಕ.”

“ಇದೇ ಕೊನೆ ಸಿನಿಮಾ ಅಂದಿದ್ರಲ್ಲ?”

ಅವನು ತಲೆ ಕೆರೆದುಕೊಂಡ.

ಅಷ್ಟರಲ್ಲಿ ಅತ್ತೆ ಬಾಗಿಲು ತಳ್ಳಿಕೊಂಡು ಹೊರಬಂದರು. “ಅಲ್ವೇ, ದೆವ್ವಕ್ಕೆ ಯಾರಾದ್ರೂ ಹೋಗಿ ಬನ್ನಿ ಅಂತಾರಾ? ಬುದ್ಧಿ ಎಲ್ಲಿಟ್ಟಿದೀಯ?”

ನಾನು ಎದ್ದು ಅವರ ಎರಡೂ ಕೈ ಹಿಡಿದುಕೊಂಡೆ. “ದೆವ್ವಕ್ಕಲ್ಲ ಅತ್ತೆ, ನಿಮಗೆ ಹೇಳಿದ್ದು. ಸೋಮವಾರ ಹೋಗಿ, ಹೀಗೇ ಬೈತಾ ಬನ್ನಿ.”